ಹಸಿ ಕಸ ಬೇರೆ, ಒಣ ಕಸ ಬೇರೆ, ಉಳಿದದ್ದು ಎರಡು ವಾರಕ್ಕೊಮ್ಮೆ: ಹೊಸ ಪದ್ಧತಿಗೆ ನೀವು ಹೇಗೆ ಹೊಂದಿಕೊಂಡಿರಿ?

ಮೂರನೇಮಹಡಿ
ನಮ್ಮ ಕಡೆ ಕಸ ಸಂಗ್ರಹದ ಕ್ರಮ ಪೂರ್ತಿ ಬದಲಾಗಿದೆ. ಇದುವರೆಗೆ ಎಲ್ಲವನ್ನೂ ಒಂದೇ ಡಬ್ಬಕ್ಕೆ ತುಂಬಿ ಹೊರಗಿಟ್ಟರೆ ಕೆಲಸ ಮುಗಿಯುತ್ತಿತ್ತು. ಈಗ ಅಡುಗೆಮನೆಯ ಹಸಿ ಕಸಕ್ಕೆ ಮುಚ್ಚಳದ ಪುಟ್ಟ ಡಬ್ಬ, ಅದನ್ನು ಸುರಿಯಲು ಹೊರಗೊಂದು ದೊಡ್ಡ ಡಬ್ಬ, ಕಾಗದ ಮತ್ತು ರಟ್ಟಿಗೆ ಒಂದು, ಪ್ಲಾಸ್ಟಿಕ್, ಲೋಹ, ಗಾಜಿಗೆ ಇನ್ನೊಂದು, ಯಾವುದಕ್ಕೂ ಸೇರದ್ದಕ್ಕೆ ಮತ್ತೊಂದು. ಹಸಿ ಕಸವನ್ನು ವಾರಕ್ಕೊಮ್ಮೆ ಒಯ್ಯುತ್ತಾರೆ, ಯಾವುದಕ್ಕೂ ಸೇರದ ಕಸವನ್ನು ಎರಡು ವಾರಕ್ಕೊಮ್ಮೆ ಮಾತ್ರ.

ವಿಂಗಡಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ಇಷ್ಟು ಡಬ್ಬಗಳನ್ನು ಎಲ್ಲಿಡಬೇಕು? ಕರಪತ್ರದಲ್ಲಿ "ಸ್ವಚ್ಛವಾದ ಪ್ಲಾಸ್ಟಿಕ್ ಮಾತ್ರ" ಎಂದಿದೆ, ಎಷ್ಟು ಸ್ವಚ್ಛ ಎಂದು ಹೇಳಿಲ್ಲ. ಹಸಿ ಕಸವಂತೂ ವಾರದ ಮಧ್ಯಕ್ಕೇ ನಾರತೊಡಗುತ್ತದೆ. ನೀವೆಲ್ಲ ಹೇಗೆ ನಿಭಾಯಿಸುತ್ತಿದ್ದೀರಿ?

ಗೊಣಗಾಟ
ತೊಳೆಯಿರಿ, ಒರೆಸಿ, ಬೇರೆ ಬೇರೆ ಮಾಡಿ ಪೂಜೆಗಿಟ್ಟ ಹಾಗೆ ಜೋಡಿಸಿಡಿ. ಲಾರಿ ಬಂದಾಗ ಎಲ್ಲವನ್ನೂ ಒಂದೇ ಬಾಯಿಗೆ ಸುರಿದುಕೊಂಡು ಹೋಗುತ್ತಾರೆ. ಕಿಟಕಿಯಿಂದ ಕಣ್ಣಾರೆ ನೋಡಿದ್ದೇನೆ.

ಹಿಂಬದಿಚಕ್ರ
ಗೊಣಗಾಟ ಅವರೇ, ಅಂಥ ಲಾರಿಯ ಹಿಂದೆ ನಿಂತು ಕೆಲಸ ಮಾಡಿದವನು ನಾನು, ಆಮೇಲೆ ವಿಂಗಡಣಾ ಘಟಕದಲ್ಲೂ ಇದ್ದೆ. ಬಾಯಿ ಒಂದೇ ಎಂದು ನಿಮಗೆ ಕಂಡದ್ದು ನಿಜವೇ ಇರಬಹುದು. ಕೆಲವು ಲಾರಿಗಳ ಒಳಗೆ ಉದ್ದಕ್ಕೂ ಒಂದು ಅಡ್ಡಗೋಡೆ ಇರುತ್ತದೆ. ಎಡಗಡೆ ಸುರಿದದ್ದು ಎಡ ಖಾನೆಗೆ, ಬಲಗಡೆ ಸುರಿದದ್ದು ಬಲ ಖಾನೆಗೆ ಹೋಗುತ್ತದೆ. ಘಟಕದಲ್ಲಿ ಒಂದೊಂದು ಖಾನೆಯನ್ನೂ ಬೇರೆ ಬೇರೆ ಕಡೆ ಖಾಲಿ ಮಾಡುತ್ತಾರೆ. ದೂರದಿಂದ ನೋಡಿದವರಿಗೆ ಇದು ತಿಳಿಯುವುದಿಲ್ಲ.

ಆದರೆ ಗೋಡೆಯಿಲ್ಲದ ಲಾರಿ ಒಂದೇ ಸುತ್ತಿನಲ್ಲಿ ಎರಡು ಬಗೆಯ ಕಸ ತುಂಬಿಕೊಳ್ಳುತ್ತಿದ್ದರೆ ನಿಮ್ಮ ದೂರು ಸರಿ. ಆ ದಿನದ ಸಮಯ ಮತ್ತು ಲಾರಿಯ ಸಂಖ್ಯೆಯನ್ನು ಬರೆದು ಕಳುಹಿಸಿ. ಸುಮ್ಮನೆ "ಎಲ್ಲ ಒಂದೇ" ಎಂದು ದೂರಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಗೊಣಗಾಟ
ಗೋಡೆ ಇದೆಯೋ ಇಲ್ಲವೋ ನೋಡಲು ನಾನು ಲಾರಿಯೊಳಗೆ ಇಳಿಯಬೇಕೇ?

ಹಿಂಬದಿಚಕ್ರ
ದಯವಿಟ್ಟು ಇಳಿಯಬೇಡಿ. ಒಳಗೆ ಕಸ ಒತ್ತುವ ಯಂತ್ರವಿದೆ. ಲಾರಿಯವರನ್ನು ಕೇಳಿದರೆ ಸಾಕು, ಹೇಳುತ್ತಾರೆ.

ಎರೆಹುಳು
ಮೂರನೇಮಹಡಿ ಅವರೇ, ನಾತಕ್ಕೆ ಕಾರಣ ಕಸವಲ್ಲ, ನೀರು. ಅಡುಗೆಮನೆಯ ಹಸಿ ಕಸದ ತೂಕದಲ್ಲಿ ಬಹುಪಾಲು ನೀರೇ ಇರುತ್ತದೆ. ಆ ನೀರು ಡಬ್ಬದ ತಳಕ್ಕೆ ಇಳಿದು ನಿಂತರೆ ಅಲ್ಲಿಗೆ ಗಾಳಿ ಹೋಗುವುದಿಲ್ಲ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸ ಶುರು ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ, ಹುಳಿ ವಾಸನೆ ಎಲ್ಲವೂ ಅವುಗಳದೇ.

ಆದ್ದರಿಂದ ಸಾರು, ಮಜ್ಜಿಗೆ ಮುಂತಾದ ದ್ರವಗಳು ಡಬ್ಬಕ್ಕೆ ಬೀಳಬಾರದು. ಸಿಪ್ಪೆಗಳನ್ನು ಸೋಸುವ ಬುಟ್ಟಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಹಾಕಿ. ತಳಕ್ಕೆ ಹಳೆಯ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದು ನೀರನ್ನು ಹೀರುತ್ತದೆ, ಸುರಿಯುವಾಗ ಎಲ್ಲವೂ ಒಟ್ಟಿಗೆ ಜಾರಿಕೊಂಡು ಬರುತ್ತದೆ. ಪಕ್ಕಗಳಲ್ಲಿ ರಂಧ್ರವಿರುವ ಡಬ್ಬ ಕೊಟ್ಟಿದ್ದರೆ ಆ ರಂಧ್ರಗಳನ್ನು ಟೇಪು ಹಚ್ಚಿ ಮುಚ್ಚಬೇಡಿ. ತೇವ ಆರಲೆಂದೇ ಅವನ್ನು ಮಾಡಿರುವುದು. (ನಮ್ಮ ಮೇಲಿನ ಮನೆಯವರು ಹಾಗೆ ಮುಚ್ಚಿ, ಆಮೇಲೆ ನಾತ ಹೆಚ್ಚಾಯಿತೆಂದು ಡಬ್ಬವನ್ನೇ ಬೈದರು.)

ಮೂಲೆಮನೆ
ಮೀನು, ಮಾಂಸದ ತುಣುಕು, ಮೂಳೆ ಇವನ್ನು ಒಂದು ಹಳೆಯ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟು, ಸಂಗ್ರಹದ ಹಿಂದಿನ ರಾತ್ರಿ ಹೊರಗಿನ ಡಬ್ಬಕ್ಕೆ ಸುರಿಯುತ್ತೇನೆ. ನಾತವೂ ಇಲ್ಲ, ನೊಣವೂ ಇಲ್ಲ.

ಬೆಕ್ಕಿನಗಂಟೆ
ತಿನ್ನುವ ಪದಾರ್ಥದ ಪಕ್ಕದಲ್ಲಿ ಕಸ ಇಡುವುದೇ? ನಮ್ಮ ಮನೆಯಲ್ಲಿ ಇದನ್ನು ಹೇಳಿದರೆ ನನ್ನನ್ನೇ ಹೊರಗಿಡುತ್ತಾರೆ.

ಮೂಲೆಮನೆ
ನಿನ್ನೆ ಊಟಕ್ಕೆ ಬಡಿಸಿದ್ದೇ ತಾನೇ ಅದು? ತಟ್ಟೆಯಿಂದ ಇಳಿದ ಮಾತ್ರಕ್ಕೆ ವಿಷವಾಗುವುದಿಲ್ಲ. ಭದ್ರವಾದ ಮುಚ್ಚಳವಿದ್ದರೆ ಸಾಕು.

ಎರೆಹುಳು
ನೊಣದ ಮಾತು ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೆಚ್ಚಗಿನ ಹವೆಯಲ್ಲಿ ಮನೆನೊಣದ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳುವಾಗುತ್ತದೆ. ಮೊಟ್ಟೆಯಿಂದ ರೆಕ್ಕೆಯ ನೊಣವಾಗಲು ಒಂದು ವಾರಕ್ಕಿಂತ ತುಸು ಹೆಚ್ಚು ಬೇಕು. ವಾರಕ್ಕೊಮ್ಮೆ ಸಂಗ್ರಹ ಸರಿಯಾಗಿ ನಡೆದರೆ ಆ ಚಕ್ರ ಪೂರ್ತಿಯಾಗುವ ಮೊದಲೇ ಕಸ ಮನೆ ಬಿಟ್ಟಿರುತ್ತದೆ. ಒಂದು ವಾರ ಲಾರಿ ಬಾರದಿದ್ದರೆ ಮಾತ್ರ ಹೊಸ ಪೀಳಿಗೆಯನ್ನು ನೀವೇ ಸಾಕಿದಂತಾಗುತ್ತದೆ.

ಗೊಣಗಾಟ
ಲಾರಿ ಬಾರದ ವಾರಗಳ ಬಗ್ಗೆಯೇ ನಾನು ಹೇಳುತ್ತಿರುವುದು. ಪುಸ್ತಕದ ಲೆಕ್ಕ ಯಾರಿಗೆ ಬೇಕು?

ಲೆಕ್ಕದಪುಸ್ತಕ
ನನಗೆ ಬೇಕು! ಇಷ್ಟು ತೊಂದರೆ ತೆಗೆದುಕೊಳ್ಳುವುದು ಏಕೆ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡ 60ರಷ್ಟು ಆದದ್ದು ಮನೆಗಳಲ್ಲಿ. ಹೋಟೆಲುಗಳೂ ಅಂಗಡಿಗಳೂ ನಮ್ಮ ಹಿಂದೆಯೇ.

ಕಸದ ಗುಂಡಿಯಲ್ಲಿ ಮುಚ್ಚಿಹೋದ ಆಹಾರ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಅದೇ ಕೊಳೆಯುವಿಕೆ ಮುಚ್ಚಿದ ತೊಟ್ಟಿಯೊಳಗೆ ನಡೆದರೆ ಅದೇ ಅನಿಲವನ್ನು ಹಿಡಿದು ಉರಿಸಿ ವಿದ್ಯುತ್ ಮಾಡಬಹುದು, ತಳದಲ್ಲಿ ಉಳಿದ ರಾಡಿ ಹೊಲಕ್ಕೆ ಗೊಬ್ಬರವಾಗುತ್ತದೆ.

ರಾತ್ರಿಪಾಳಿ
"ಮಣ್ಣಿನಲ್ಲಿ ಕರಗುವ ಚೀಲ" ಎಂದು ಬರೆದಿರುವ ಚೀಲಗಳನ್ನು ಹಸಿ ಕಸದ ಡಬ್ಬಕ್ಕೆ ಹಾಕಬಹುದೇ? ಒಬ್ಬರು ಹೌದು ಎನ್ನುತ್ತಾರೆ, ಇನ್ನೊಬ್ಬರು ಕೂಡದು ಎನ್ನುತ್ತಾರೆ.

ಎರೆಹುಳು
ಇಬ್ಬರೂ ಸರಿ ಇರಬಹುದು, ನಿಮ್ಮ ಕಸ ಯಾವ ಘಟಕಕ್ಕೆ ಹೋಗುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಯುರೋಪಿನ ಇಎನ್ 13432 ಎಂಬ ಮಾನದಂಡದ ಪ್ರಕಾರ ಅಂಥ ಚೀಲ ಗೊಬ್ಬರ ಘಟಕದ ವಾತಾವರಣದಲ್ಲಿ 12 ವಾರಗಳಲ್ಲಿ ಚೂರುಚೂರಾಗಿ ಒಡೆಯಬೇಕು, ಆರು ತಿಂಗಳೊಳಗೆ ಶೇಕಡ 90ರಷ್ಟು ಜೈವಿಕವಾಗಿ ವಿಘಟನೆಯಾಗಬೇಕು. ಅಲ್ಲಿನ ಶಾಖ 55–60 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ನಿಮ್ಮ ಹಿತ್ತಲಿನ ತಣ್ಣನೆಯ ಗುಂಡಿಯಲ್ಲಿ ಅದೇ ಚೀಲ ವರ್ಷಗಟ್ಟಲೆ ಹಾಗೆಯೇ ಬಿದ್ದಿರಬಹುದು. ಚೀಲಗಳು ಯಂತ್ರಕ್ಕೆ ಸುತ್ತಿಕೊಳ್ಳುತ್ತವೆಂದು ಅನಿಲ ತೆಗೆಯುವ ಘಟಕಗಳಲ್ಲಿ ಅನೇಕವು ಅವನ್ನೆಲ್ಲ ಮೊದಲೇ ಹರಿದು ತೆಗೆದುಬಿಡುತ್ತವೆ, ಕರಗುವಂಥದ್ದಾದರೂ ಸರಿ.

ಸಂದೇಹವಿದ್ದರೆ ಪತ್ರಿಕೆಯ ಕಾಗದ ಬಳಸಿ. ಅದಕ್ಕೆ ಯಾವ ಮಾನದಂಡವೂ ಬೇಡ.

ಹಿಂಬದಿಚಕ್ರ
ಅದಕ್ಕೆ ನಾನೊಂದು ಸೇರಿಸುತ್ತೇನೆ. ಚಹಾ ಚೀಲಗಳಲ್ಲಿ ಹಲವು ಪೂರ್ತಿ ಕಾಗದದವಲ್ಲ, ಅಂಚು ಬಿಗಿಯಲು ಪ್ಲಾಸ್ಟಿಕ್ ಎಳೆ ಸೇರಿಸಿರುತ್ತಾರೆ. ಒಳಗಿನ ಪುಡಿಯನ್ನು ಹಸಿ ಕಸಕ್ಕೆ ಸುರಿದು, ಚೀಲವನ್ನು ಯಾವುದಕ್ಕೂ ಸೇರದ ಕಸಕ್ಕೆ ಹಾಕುವುದೇ ವಾಸಿ.

ಬೆಕ್ಕಿನಗಂಟೆ
ದಿನಕ್ಕೆ ಆರು ಲೋಟ ಚಹಾ ಕುಡಿಯುವ ಮನೆಯಲ್ಲಿ ಯಾರು ಚೀಲ ಹರಿಯುತ್ತ ಕೂರುತ್ತಾರೆ ಸ್ವಾಮಿ? ಅಂದ ಹಾಗೆ ನಮ್ಮ ಮನೆಯ ಚಮಚಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ತಟ್ಟೆ ಬಳಿಯುವಾಗ ಡಬ್ಬಕ್ಕೆ ಬೀಳುತ್ತಿವೆಯೇನೋ. ಅವು ಎಲ್ಲಿಗೆ ಹೋಗುತ್ತವೆ?

ಹಿಂಬದಿಚಕ್ರ
ಕಸ ಸಾಗುವ ಬೆಲ್ಟಿನ ಕೊನೆಯಲ್ಲಿ ಒಂದು ಬಕೆಟ್ ತುಂಬ ಚಮಚ, ಚಾಕು, ಸಿಪ್ಪೆ ಹೆರೆಯುವ ಕತ್ತಿ ಕೂಡುತ್ತಿದ್ದವು. ಘಟಕದಲ್ಲಿ ದೊಡ್ಡ ಅಯಸ್ಕಾಂತ ಇರುತ್ತದೆ, ಆದರೆ ಊಟದ ಚಮಚಗಳಿಗೆ ಬಳಸುವ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಬಹುಪಾಲು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕಣ್ಣಿಗೆ ಬಿದ್ದದ್ದನ್ನು ಕೈಯಲ್ಲಿ ಆರಿಸುತ್ತಿದ್ದೆವು. ಬೀಳದೆ ಉಳಿದದ್ದು ಅರೆಯುವ ಯಂತ್ರದ ಹಲ್ಲಿಗೆ ಸಿಕ್ಕಿ ಟಣ್ಣೆನ್ನುತ್ತಿತ್ತು. ಆ ಸದ್ದು ಕೇಳಿದರೆ ಮೇಲ್ವಿಚಾರಕರ ಮುಖ ನೋಡುವ ಹಾಗಿರಲಿಲ್ಲ.

ಹೊಸಬಾಡಿಗೆ
ನಿಮ್ಮದೆಲ್ಲ ಸ್ವಂತ ಡಬ್ಬದ ಕಥೆ. ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಸೇರಿ ಕೆಳಗೆ ಒಂದೇ ಸಾಲು ಡಬ್ಬಗಳು. ಯಾರೋ ಒಬ್ಬರು ಹಸಿ ಕಸದ ಡಬ್ಬಕ್ಕೆ ಮಗುವಿನ ಡಯಾಪರ್ ಹಾಕುತ್ತಾರೆ. ಲಾರಿಯವರು ಮುಚ್ಚಳ ತೆಗೆದು ನೋಡಿ, ಕೆಂಪು ಚೀಟಿ ಅಂಟಿಸಿ, ಡಬ್ಬವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಒಬ್ಬರ ಸೋಮಾರಿತನಕ್ಕೆ ಇಡೀ ಕಟ್ಟಡಕ್ಕೆ ಶಿಕ್ಷೆ. ಕ್ಯಾಮೆರಾ ಹಾಕಿಸೋಣ ಎಂದರೆ ಅರ್ಧ ಜನಕ್ಕೆ ಅದೂ ಬೇಡ.

ಗೊಣಗಾಟ
ಕ್ಯಾಮೆರಾ! ಮುಂದೆ ಸಿಪ್ಪೆಗೆ ಬೆರಳಚ್ಚು ಕೇಳುತ್ತಾರೆ.

ಲೆಕ್ಕದಪುಸ್ತಕ
ನಗಬೇಡಿ, ಅದಕ್ಕೆ ಹತ್ತಿರದ್ದು ಆಗಲೇ ಇದೆ. ದಕ್ಷಿಣ ಕೊರಿಯಾದಲ್ಲಿ ಆಹಾರದ ಕಸವನ್ನು ನೇರವಾಗಿ ಗುಂಡಿಗೆ ಹಾಕುವುದನ್ನು 2005ರಲ್ಲೇ ನಿಷೇಧಿಸಿದರು. 2013ರಿಂದ ಹಾಕಿದಷ್ಟಕ್ಕೆ ಶುಲ್ಕ. ಅನೇಕ ವಸತಿ ಸಮುಚ್ಚಯಗಳಲ್ಲಿ ಕಾರ್ಡ್ ತೋರಿಸಿದರೆ ಮಾತ್ರ ಡಬ್ಬದ ಮುಚ್ಚಳ ತೆರೆಯುತ್ತದೆ. ಹಾಕಿದ ಕಸವನ್ನು ಅದು ತೂಗಿ ಆ ಮನೆಯ ಲೆಕ್ಕಕ್ಕೆ ಬರೆಯುತ್ತದೆ. ನೀರಿಗೂ ಹಣ ಕೊಡಬೇಕಾಗುವುದರಿಂದ ಜನ ಕಸವನ್ನು ಹಿಂಡಿ ಹಾಕುತ್ತಾರೆ. ಎರೆಹುಳು ಅವರು ಬುದ್ಧಿಮಾತಿನಲ್ಲಿ ಹೇಳಿದ್ದನ್ನು ಅಲ್ಲಿ ತಕ್ಕಡಿ ಮಾಡಿಸಿತು.

ಮೂಲೆಮನೆ
ತೂಕಕ್ಕೆ ಶುಲ್ಕ ಹಾಕಿದರೆ ನಮ್ಮಲ್ಲಿ ಏನಾಗುತ್ತದೆ ಗೊತ್ತೇ? ರಾತ್ರಿ ಹೊತ್ತು ಪಕ್ಕದ ರಸ್ತೆಯ ತಿರುವಿನಲ್ಲಿ ಚೀಲಗಳು ಹುಟ್ಟಿಕೊಳ್ಳುತ್ತವೆ. ಶುಲ್ಕಕ್ಕಿಂತ ಮೊದಲು ಸಂಗ್ರಹ ತಪ್ಪದೆ ನಡೆಯಬೇಕು. ವ್ಯವಸ್ಥೆ ತನ್ನ ಮಾತು ಉಳಿಸಿಕೊಂಡ ಮೇಲೆ ಜನರನ್ನು ಕೇಳಲಿ.

ಗೊಣಗಾಟ
ಮೊದಲ ಬಾರಿಗೆ ಮೂಲೆಮನೆಯವರ ಮಾತಿಗೆ ತಲೆದೂಗುತ್ತೇನೆ. ಇನ್ನೊಂದು ವಿಷಯ. ಒಂದು ಬಿಸ್ಕತ್ತಿನ ಪೊಟ್ಟಣಕ್ಕೆ ಮೂರು ಪದರ ಪ್ಲಾಸ್ಟಿಕ್ ಸುತ್ತಿದವನು ಆರಾಮವಾಗಿ ನಿದ್ರಿಸುತ್ತಾನೆ, ನಾನು ಅದನ್ನು ತೊಳೆಯುತ್ತ ನಿಲ್ಲಬೇಕು. ಮಾಡಿದವನ ಹೊಣೆ ಎಲ್ಲಿ?

ಲೆಕ್ಕದಪುಸ್ತಕ
ಇದು ಗೊಣಗಾಟವಲ್ಲ, ಸರಿಯಾದ ಪ್ರಶ್ನೆ. ಜರ್ಮನಿ 1991ರಲ್ಲೇ ಪೊಟ್ಟಣದ ಕಸವನ್ನು ಹಿಂಪಡೆಯುವ ಹೊಣೆಯನ್ನು ಕಾನೂನಿನ ಮೂಲಕ ತಯಾರಕರಿಗೂ ಮಾರಾಟಗಾರರಿಗೂ ಹಾಕಿತು. ಆಮೇಲೆ ಅನೇಕ ದೇಶಗಳು ಅದೇ ದಾರಿ ಹಿಡಿದವು. ಇನ್ನು ಡಬ್ಬಿಗಳ ತಳದಲ್ಲಿ ಕಾಣುವ ತ್ರಿಕೋನದ ಬಾಣಗಳ ವಿಚಾರ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ 1ರಿಂದ 7ರವರೆಗಿನ ಅಂಕಿಗಳನ್ನು ಜಾರಿಗೆ ತಂದಿತು. ಆ ಅಂಕಿ ಹೇಳುವುದು ಯಾವ ಬಗೆಯ ಪ್ಲಾಸ್ಟಿಕ್ ಎಂಬುದನ್ನು ಮಾತ್ರ. ಮರುಬಳಕೆಯಾಗುತ್ತದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಬಾಣ ನೋಡಿ ಜನ ಹಾಗೆಂದುಕೊಂಡರು, ಉದ್ಯಮಕ್ಕೂ ಅದು ಅನುಕೂಲವೇ ಆಯಿತು.

ಮೂರನೇಮಹಡಿ
ಹಾಗಾದರೆ ಯಾವ ಅಂಕಿಯದನ್ನು ಹಾಕಬೇಕು?

ಹಿಂಬದಿಚಕ್ರ
ಸಾಮಾನ್ಯವಾಗಿ 1 ಮತ್ತು 2 ಎಲ್ಲ ಕಡೆ ನಡೆಯುತ್ತದೆ, ಅಂದರೆ ನೀರಿನ ಬಾಟಲಿ, ಹಾಲಿನ ಕ್ಯಾನು, ಶಾಂಪೂ ಬಾಟಲಿ. 5 ಹಲವು ಕಡೆ ನಡೆಯುತ್ತದೆ. ಉಳಿದದ್ದಕ್ಕೆ ನಿಮ್ಮ ಕರಪತ್ರವೇ ಗತಿ. ಕಪ್ಪು ಬಣ್ಣದ ತಟ್ಟೆಗಳ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಘಟಕದ ಯಂತ್ರ ಅವಗೆಂಪು ಬೆಳಕು ಬಿಟ್ಟು, ಮರಳಿ ಬಂದ ಬೆಳಕಿನಿಂದ ಪ್ಲಾಸ್ಟಿಕಿನ ಬಗೆ ಗುರುತಿಸುತ್ತದೆ. ಕಪ್ಪಿಗೆ ಸೇರಿಸುವ ಇಂಗಾಲದ ಪುಡಿ ಆ ಬೆಳಕನ್ನು ನುಂಗಿಬಿಡುತ್ತದೆ. ಯಂತ್ರದ ಪಾಲಿಗೆ ಆ ತಟ್ಟೆ ಅಲ್ಲಿ ಇಲ್ಲವೇ ಇಲ್ಲ.

ಎಷ್ಟು ಸ್ವಚ್ಛ ಎಂದು ಕೇಳಿದ್ದಿರಿ. ಬೋರಲು ಹಾಕಿದರೆ ಏನೂ ಸುರಿಯಬಾರದು, ಒಳಗೆ ಗಟ್ಟಿಯಾಗಿ ಮೆತ್ತಿಕೊಂಡದ್ದು ಇರಬಾರದು. ಅಷ್ಟೇ ಸಾಕು. ಬಿಸಿನೀರು, ಸೋಪು ಬೇಡ, ಪಾತ್ರೆ ತೊಳೆದು ಉಳಿದ ನೀರಿನಲ್ಲೇ ಒಮ್ಮೆ ಅಲುಗಾಡಿಸಿ ಚೆಲ್ಲಿ. ಬೆಲ್ಟಿನ ಮೇಲೆ ನಾನು ಹೆಚ್ಚು ದ್ವೇಷಿಸಿದ್ದು ಅರ್ಧ ತುಂಬಿದ ಸಾಸ್ ಬಾಟಲಿಯನ್ನು. ಒತ್ತುವಾಗ ಅದು ಒಡೆದರೆ ಸುತ್ತಲಿನ ಒಂದು ಮೂಟೆ ಒಳ್ಳೆಯ ಕಾಗದ ಕೆಂಪಾಗಿ ಅಂಟಾಗುತ್ತದೆ. ಎಣ್ಣೆ, ಜಿಡ್ಡು ಹತ್ತಿದ ಕಾಗದವನ್ನು ಕಾಗದದ ಕಾರ್ಖಾನೆಯವರು ಮುಟ್ಟುವುದಿಲ್ಲ. ಜನ ತಪ್ಪು ಡಬ್ಬಕ್ಕೆ ಹಾಕಿದ್ದಕ್ಕಿಂತ ಹೀಗೆ ಒದ್ದೆಯಾಗಿ ಹಾಳಾದದ್ದನ್ನೇ ನಾನು ಹೆಚ್ಚು ನೋಡಿದ್ದೇನೆ.

ರಾತ್ರಿಪಾಳಿ
ಅಂಗಡಿಯ ರಸೀದಿ ಕಾಗದಕ್ಕೆ ಸೇರುತ್ತದೆಯೇ?

ಹಿಂಬದಿಚಕ್ರ
ಉಗುರಿನಿಂದ ಗೀರಿದರೆ ಕಪ್ಪು ಗೆರೆ ಮೂಡುತ್ತದೆಯೇ ನೋಡಿ. ಮೂಡಿದರೆ ಅದು ಶಾಖದಿಂದ ಮುದ್ರಿಸುವ ರಾಸಾಯನಿಕ ಲೇಪದ ಕಾಗದ, ಬೇಡ. ಅಡುಗೆಗೆ ಬಳಸುವ ಶಾಖ ತಡೆಯುವ ಗಾಜಿನ ಪಾತ್ರೆಯೂ ಬಾಟಲಿಯ ಜೊತೆ ಬೇಡ, ಅದು ಕರಗುವ ಶಾಖವೇ ಬೇರೆ.

ಜೇಬಿನಪಟ್ಟಿ
ನನ್ನ ಅಮ್ಮನಿಗೆ ದೃಷ್ಟಿ ಮಂದ. ಡಬ್ಬಗಳೆಲ್ಲ ಒಂದೇ ಆಕಾರ, ಮುಚ್ಚಳದ ಬಣ್ಣ ಮಾತ್ರ ಬೇರೆ. ಅವರಿಗೆ ಬಣ್ಣ ತಿಳಿಯುವುದಿಲ್ಲ. ಈ ಯೋಜನೆ ಮಾಡಿದವರ ಮನೆಯಲ್ಲಿ ವಯಸ್ಸಾದವರು ಇಲ್ಲವೇ?

ಮೂಲೆಮನೆ
ಕಾಗದದ ಡಬ್ಬದ ಹಿಡಿಕೆಗೆ ಒಂದು ರಬ್ಬರ್ ಬ್ಯಾಂಡ್, ಪ್ಲಾಸ್ಟಿಕಿನದಕ್ಕೆ ಎರಡು ಸುತ್ತಿ. ಹಸಿ ಕಸದ್ದು ಹೇಗೂ ಚಿಕ್ಕದು. ಕೈಗೆ ತಗುಲಿದರೆ ತಿಳಿಯುತ್ತದೆ. ಹೊರಗೆ ಎಳೆದು ತರಲು ಆಗದವರಿಗೆ ಬಾಗಿಲಿನಿಂದಲೇ ಒಯ್ಯುವ ಸೌಲಭ್ಯ ಕೆಲವು ಕಡೆ ಉಂಟು. ಅದನ್ನು ಕರಪತ್ರದಲ್ಲಿ ಹಾಕುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ಜೇಬಿನಪಟ್ಟಿ
ರಬ್ಬರ್ ಬ್ಯಾಂಡ್ ಉಪಾಯ ಅಮ್ಮನಿಗೆ ಇಷ್ಟವಾಯಿತು. "ಇಷ್ಟು ಸಣ್ಣ ಉಪಾಯ ಅವರಿಗೆ ಹೊಳೆಯಲಿಲ್ಲವೇ" ಎಂದರು.

ಬೆಕ್ಕಿನಗಂಟೆ
ಹಳೆಯ ಮೊಬೈಲ್ ಬ್ಯಾಟರಿ ಇದೆ. ಲೋಹವೂ ಹೌದು, ಪ್ಲಾಸ್ಟಿಕೂ ಹೌದು. ಎರಡೂ ಒಂದೇ ಡಬ್ಬಕ್ಕೆ ತಾನೇ, ಹಾಕಿಬಿಡಲೇ?

ಹಿಂಬದಿಚಕ್ರ
ಬೇಡ! ಬೇಡವೇ ಬೇಡ. ಲಿಥಿಯಂ ಬ್ಯಾಟರಿ ಲಾರಿಯೊಳಗೆ ಜಜ್ಜಿದರೆ ಹೊತ್ತಿಕೊಳ್ಳುತ್ತದೆ, ಸುತ್ತಲೂ ಒಣ ಕಾಗದ. ಹೊಗೆ ಕಂಡರೆ ರಸ್ತೆಯ ನಡುವೆಯೇ ಇಡೀ ಲಾರಿಯ ಕಸ ಸುರಿದು ಅಗ್ನಿಶಾಮಕ ದಳ ಕರೆಯಬೇಕು. ತುದಿಗಳಿಗೆ ಟೇಪು ಅಂಟಿಸಿ, ಬ್ಯಾಟರಿ ಸಂಗ್ರಹಿಸುವ ಕಡೆಗೇ ಕೊಡಿ. ಬ್ಯಾಟರಿಯ ಹಲ್ಲುಜ್ಜುವ ಬ್ರಷ್, ಹಾಡುವ ಶುಭಾಶಯ ಪತ್ರ, ಬೆಳಕು ಬೀರುವ ಆಟಿಕೆ ಇವೆಲ್ಲಕ್ಕೂ ಇದೇ ಮಾತು.

ವೇದಿಕೆ ನಿರ್ವಾಹಕ
ಬ್ಯಾಟರಿ ಮತ್ತು ವಿದ್ಯುನ್ಮಾನ ಕಸಕ್ಕೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ.

ಬೆಕ್ಕಿನಗಂಟೆ
ಹಾಡುವ ಶುಭಾಶಯ ಪತ್ರ ಇನ್ನೂ ಯಾರು ಕಳುಹಿಸುತ್ತಾರೆ?

ಗೊಣಗಾಟ
ನನ್ನ ಷಡ್ಡಕ. ಪ್ರತಿ ವರ್ಷ. ಅದನ್ನು ಯಾವ ಡಬ್ಬಕ್ಕೆ ಹಾಕಬೇಕೆಂದು ಈಗ ತಿಳಿಯಿತು.

ಮೂರನೇಮಹಡಿ
ಎಲ್ಲರಿಗೂ ಧನ್ಯವಾದ. ಪತ್ರಿಕೆ ಹಾಸಿ, ಸಿಪ್ಪೆಯ ನೀರು ಬಸಿದು ಹಾಕಲು ಶುರು ಮಾಡಿದ್ದೇನೆ, ನಾತ ಬಹಳ ಕಡಿಮೆಯಾಗಿದೆ. ಫ್ರೀಜರ್ ಉಪಾಯಕ್ಕೆ ಮನೆಯಲ್ಲಿ ಅನುಮತಿ ಸಿಗಲಿಲ್ಲ. ಕಾಗದಕ್ಕೆ ಡಬ್ಬದ ಬದಲು ಬಾಗಿಲ ಹಿಂದೆ ಒಂದು ಬಟ್ಟೆ ಚೀಲ ನೇತು ಹಾಕಿದೆ, ನೆಲ ಅಷ್ಟು ಉಳಿಯಿತು. ಒಂದು ಸಂದೇಹ ಉಳಿದಿದೆ. ಬಾಟಲಿಯ ಮುಚ್ಚಳ ಬಿಚ್ಚಬೇಕೇ, ಹಾಕಿಯೇ ಬಿಡಬೇಕೇ?

ಎರೆಹುಳು
ಬಿಚ್ಚಬೇಕು. ಬೇರೆ ಪ್ಲಾಸ್ಟಿಕ್.

ಹಿಂಬದಿಚಕ್ರ
ಬಿಚ್ಚಬಾರದು. ಬಿಡಿ ಮುಚ್ಚಳ ಚಿಕ್ಕದು, ಜಾಲರಿಯ ಸಂದಿಯಿಂದ ಉದುರಿ ಗುಂಡಿಯ ಪಾಲಾಗುತ್ತದೆ. ಬೇರೆ ಪ್ಲಾಸ್ಟಿಕ್ ಎಂಬುದು ನಿಜ, ಆದರೆ ಅದಕ್ಕೆ ಘಟಕದಲ್ಲಿ ದಾರಿಯಿದೆ. ಬಾಟಲಿಯನ್ನು ಚೂರು ಮಾಡಿ ನೀರಿಗೆ ಹಾಕಿದಾಗ ಬಾಟಲಿಯ ಪ್ಲಾಸ್ಟಿಕ್ ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈನಿಂದ ಪಾನೀಯದ ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕು ಎಂದು ಕಾನೂನೇ ಇದೆ. ಬಾಟಲಿಯ ಗಾಳಿ ತೆಗೆದು ಚಪ್ಪಟೆ ಮಾಡಿ ಮುಚ್ಚಳ ತಿರುಗಿಸಿ ಹಾಕಿ, ಜಾಗವೂ ಉಳಿಯುತ್ತದೆ.

ಎರೆಹುಳು
ನಮ್ಮ ಕರಪತ್ರದಲ್ಲಿ "ಮುಚ್ಚಳ ಬಿಚ್ಚಿ" ಎಂದು ದಪ್ಪ ಅಕ್ಷರದಲ್ಲಿದೆ.

ಹಿಂಬದಿಚಕ್ರ
ಹಾಗಿದ್ದರೆ ನಿಮ್ಮ ಘಟಕದಲ್ಲಿ ತೇಲಿಸುವ ತೊಟ್ಟಿ ಇಲ್ಲದಿರಬಹುದು, ಇಲ್ಲವೇ ಕರಪತ್ರ ಹಳೆಯದಿರಬಹುದು. ಫೋನ್ ಮಾಡಿ ಕೇಳಿ, ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ.

ಗೊಣಗಾಟ
ಫೋನ್ ಎತ್ತಿದರೆ ಅದನ್ನೂ ಬರೆಯಿರಿ.